ಅಕ್ಕನ ಮೊಣಕಾಲಿನ ಬಿಳಿ ತುಂಡು

ಅಂಗಡಿ ಬೀದಿಯಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. "ತಕ್ಕಡಿಯಕ್ಕ ಬಂದ್ಲು" ಎಂದು ಮೊದಲನೆಯ ಅಂಗಡಿಯವನು ಅಂದರೆ ಸಾಕು, ಆ ಮಾತು ಅವಳಿಗಿಂತ ಮುಂಚೆ ಬೀದಿಯ ಕೊನೆ ಮುಟ್ಟುತ್ತಿತ್ತು. ತೂಕ, ಅಳತೆ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಸರ್ಕಾರಿ ಇನ್ಸ್‌ಪೆಕ್ಟರ್ ಅವಳು. ಹಿತ್ತಾಳೆಯ ತೂಕದ ಬಟ್ಟುಗಳಿದ್ದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಯಾವ ಹೊತ್ತಿಗೆ ಯಾವ ಬಾಗಿಲಲ್ಲಿ ನಿಲ್ಲುತ್ತಾಳೆ ಎಂದು ಹೇಳುವ ಹಾಗಿರಲಿಲ್ಲ. ತಟ್ಟೆಯ ಅಡಿಗೆ ಅಂಟಿಸಿದ ಮೇಣದ ಉಂಡೆ, ಕಾಣದ ಮೂಲೆಯಲ್ಲಿ ಕೂರಿಸಿದ ಅಯಸ್ಕಾಂತ, ತಳ ಕೊರೆದು ಮತ್ತೆ ಮುಚ್ಚಿದ ಬಟ್ಟು, ಇವೆಲ್ಲ ಅವಳ ಕೈಗೆ ಸಿಕ್ಕಿಬಿದ್ದಿದ್ದವು. ಅಂಗಡಿಯವರು ನಗುತ್ತ ಕುರ್ಚಿ ಎಳೆದು ಕೊಟ್ಟರೆ ಅವಳು ಮೊದಲು ಕುರ್ಚಿಯ ಹಿಂದೆ ಏನಿದೆ ಎಂದು ನೋಡುತ್ತಿದ್ದಳು.

ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಹಾಲಿನ ಪೊಟ್ಟಣ ಅಡುಗೆಮನೆಯ ತಕ್ಕಡಿ ಹತ್ತಿ ಇಳಿದೇ ಪಾತ್ರೆಗೆ ಹೋಗಬೇಕು. ಗಂಡನನ್ನೂ ಅವಳು ನಂಬಲಿಲ್ಲ. ಅವನು ಇನ್ನೊಂದು ಸಂಸಾರ ಹೂಡಿಕೊಂಡು ಹೊರಟುಹೋದಾಗ, ಅದುವರೆಗೆ "ಪಾಪ ಆ ಮನುಷ್ಯ" ಅನ್ನುತ್ತಿದ್ದ ನೆಂಟರೆಲ್ಲ ಬಾಯಿ ಮುಚ್ಚಿಕೊಂಡರು.

ಅವಳು ಕಣ್ಣು ಮುಚ್ಚಿ ನಂಬಿದ್ದು ಒಬ್ಬಳನ್ನೇ, ತಂಗಿಯನ್ನು. ಅಮ್ಮ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಓದಿಸಿದ್ದು ಎಲ್ಲ ಅಕ್ಕನೇ. ಈಗ ಇಬ್ಬರೂ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದರು. ತಂಗಿ ಮದುವೆಯ ಗೊಡವೆಗೆ ಹೋಗಿರಲಿಲ್ಲ. "ನಿನ್ನ ಅನುಭವ ನೋಡಿದ ಮೇಲೆ ಧೈರ್ಯ ಸಾಲಲ್ಲ ಅಕ್ಕ" ಎಂದು ತಮಾಷೆ ಮಾಡುತ್ತಿದ್ದಳು.

ತಂಗಿ ಕೆಲಸ ಮಾಡುತ್ತಿದ್ದುದು ಕೃತಕ ಮೂಳೆ ತಯಾರಿಸುವ ಒಂದು ಪ್ರಯೋಗಾಲಯದಲ್ಲಿ. ಪೆಟ್ಟು ಬಿದ್ದ ಮೂಳೆಯೊಳಗೆ ಪೊಳ್ಳು ಉಳಿದರೆ ಅದನ್ನು ತುಂಬಲು ಏನಾದರೂ ಬೇಕು. ಲೋಹ ಇಟ್ಟರೆ ಅದು ಕೊನೆಯವರೆಗೂ ಲೋಹವಾಗಿಯೇ ಕೂತಿರುತ್ತದೆ. ಇವರು ಮಾಡುತ್ತಿದ್ದುದು ಬೇರೆ. ಮೂಳೆಯಲ್ಲೇ ಇರುವ ಕ್ಯಾಲ್ಸಿಯಂ ಮತ್ತು ರಂಜಕದ ಬಿಳಿ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಅದರಲ್ಲಿ ಸ್ಪಂಜು ಅದ್ದಿ, ಒಣಗಿಸಿ, ಕುಲುಮೆಯೊಳಗೆ ಇಡುತ್ತಿದ್ದರು. ಸ್ಪಂಜು ಸುಟ್ಟುಹೋಗಿ ಅದರ ಆಕಾರದ ಬಿಳಿ ತುಂಡು ಉಳಿಯುತ್ತಿತ್ತು, ಮೈತುಂಬ ಸಣ್ಣ ಸಣ್ಣ ತೂತು. ದೇಹದೊಳಗೆ ಕೂರಿಸಿದ ಮೇಲೆ ಅದು ನಿಧಾನವಾಗಿ ಕರಗಬೇಕು, ಕರಗಿದಷ್ಟು ಜಾಗಕ್ಕೆ ದೇಹ ತನ್ನ ಸ್ವಂತ ಮೂಳೆ ಬೆಳೆಸಿಕೊಳ್ಳಬೇಕು. ಕೊನೆಗೆ ಹೊರಗಿನದೇನೂ ಉಳಿಯಬಾರದು.

ಮೊದಲ ಸಲ ಅಂಥ ತುಂಡೊಂದನ್ನು ಮನೆಗೆ ತಂದು ತೋರಿಸಿದಾಗ ಅಕ್ಕ ಅದನ್ನು ಅಂಗೈಯಲ್ಲಿ ಆಡಿಸಿ ನೋಡಿದಳು.

"ಇದೇನೇ ಇದು, ರಸ್ಕಿನ ಚೂರು ಇದ್ದ ಹಾಗಿದೆ."

"ಮೂಳೆ ಅಕ್ಕ. ಒಳಗೆ ಹೋದ ಮೇಲೆ ಒಂದೆರಡು ವರ್ಷಕ್ಕೆ ಪೂರ್ತಿ ಮಾಯ ಆಗುತ್ತೆ."

"ಮಾಯ ಮಾಡೋರನ್ನ ಹಿಡಿಯೋಕೆ ನಾನು ಬೀದಿ ಬೀದಿ ಅಲೀತೀನಿ. ನೀನು ನೋಡಿದ್ರೆ ಕುಲುಮೇಲಿ ಅದನ್ನೇ ಬೇಯಿಸ್ತಿದ್ದೀಯ."

ಇಬ್ಬರೂ ನಕ್ಕಿದ್ದರು.

ಅಕ್ಕ ಬಿದ್ದದ್ದು ಲಾರಿಗಳನ್ನು ತೂಗುವ ವೇಬ್ರಿಜ್‌ನ ಗುಂಡಿಯೊಳಗೆ. ಮೇಲಿನ ಉಕ್ಕಿನ ಹಾಸಿನ ಕೆಳಗೆ ಯಾರೋ ಬೆಣೆ ಸಿಕ್ಕಿಸಿದ್ದಾರೆ ಎಂಬ ಗುಮಾನಿಯಿಂದ ತಾನೇ ಕೆಳಗಿಳಿದಳು. ಕಬ್ಬಿಣದ ಏಣಿಯ ಮೆಟ್ಟಿಲು ಕಿತ್ತುಬಂತು. ತುಕ್ಕು ಹಿಡಿದಿತ್ತು ಎಂದು ಇಲಾಖೆ ಹೇಳುತ್ತದೆ. ಯಾರೋ ಸಡಿಲ ಮಾಡಿಟ್ಟಿದ್ದರು ಎಂದು ಅವಳು ಇಂದಿಗೂ ಹೇಳುತ್ತಾಳೆ.

ಎಡಗಾಲಿನ ಮೊಣಕಾಲು ಕಲ್ಲಂಗಡಿಯಂತೆ ಊದಿತ್ತು. ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ನಿಧಾನವಾಗಿ ಮಾತಾಡುವ, ಸದಾ ನಿದ್ದೆಗೆಟ್ಟವರಂತೆ ಕಾಣುವ ಮನುಷ್ಯ.

"ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ಭಾಗ ಒಳಗೆ ಕುಸಿದಿದೆ ಅಮ್ಮ. ಎತ್ತಿ ಸರಿಯಾಗಿ ಕೂರಿಸ್ತೀವಿ. ಆದ್ರೆ ಎತ್ತಿದ ಮೇಲೆ ಅದರ ಕೆಳಗೆ ಪೊಳ್ಳು ಉಳಿಯುತ್ತೆ, ಏನಾದ್ರೂ ತುಂಬಬೇಕು. ನಿಮ್ಮ ಸೊಂಟದ ಮೂಳೆಯಿಂದಲೇ ಸ್ವಲ್ಪ ತೆಗೆದು ತುಂಬಬಹುದು. ಇಲ್ಲಾಂದ್ರೆ ನಿಮ್ಮ ತಂಗಿಯವರು ಮಾಡ್ತಾರಲ್ಲ, ಆ ತುಂಡು. ಅದಿನ್ನೂ ಪ್ರಯೋಗದ ಹಂತದಲ್ಲಿದೆ. ಒಪ್ಪಿದವರಿಗೆ ಮಾತ್ರ ಹಾಕ್ತಿದ್ದೀವಿ."

ಅಕ್ಕ ತಂಗಿಯ ಮುಖ ನೋಡಿದಳು. ಇಷ್ಟು ವರ್ಷ ಊಟಕ್ಕೆ ಕೂತಾಗಲೆಲ್ಲ ಆ ತುಂಡಿನ ಗುಣಗಾನ ಮಾಡಿದವಳು ಈಗ ಮಂಚದ ಕಬ್ಬಿಣದ ಪಟ್ಟಿಯ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು.

"ಸೊಂಟದಿಂದಲೇ ತೆಗೆಸ್ಕೋ ಅಕ್ಕ. ಹಳೇ ಪದ್ಧತಿ, ಗಟ್ಟಿ."

"ನಿನ್ನದು ಗಟ್ಟಿ ಇಲ್ವಾ?"

"ಹಾಗಲ್ಲ. ನಿನಗೆ ಯಾಕೆ ಸುಮ್ನೆ ಹೊಸದು."

"ಒಂದು ಕಡೆ ಕದ್ದು ಇನ್ನೊಂದು ಕಡೆ ತುಂಬೋದಾ? ಅಂಥದಕ್ಕೆ ನಾನು ದಂಡ ಹಾಕ್ತೀನಿ" ಎಂದು ಅಕ್ಕ ಡಾಕ್ಟರ ಕಡೆ ತಿರುಗಿದಳು. "ನನ್ನ ತಂಗಿ ಮಾಡಿದ್ದನ್ನೇ ಹಾಕಿ."

ಮಾತು ತಮಾಷೆಯಾಗಿತ್ತು. ಮನಸ್ಸಿನಲ್ಲಿ ಮಾತ್ರ ಮುಳ್ಳೊಂದು ಮುರಿದು ಉಳಿಯಿತು. ನನಗೆ ಯಾಕೆ ಬೇಡ ಅಂದಳು?

ಆಪರೇಷನ್ ಆಯಿತು, ಮನೆಗೆ ಬಂದಳು. ಔಷಧಿ ಅಂಗಡಿಯವನು ಮತ್ತು ಅವನ ತಮ್ಮ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಮೆಟ್ಟಿಲು ಹತ್ತಿಸಿದರು. ಕಿಟಕಿಯ ಪಕ್ಕದ ಮಂಚವೇ ಅವಳ ಕಚೇರಿಯಾಯಿತು. ಬೀದಿಯಲ್ಲಿ ತಪಾಸಣೆ ಮಾಡಲು ಏನೂ ಸಿಗದಿದ್ದರಿಂದ ಅವಳ ಕಣ್ಣು ಮನೆಯೊಳಗೆ ತಿರುಗಿತು.

ತಂಗಿ ಬದಲಾಗಿದ್ದಳು. ಮೊದಲೆಲ್ಲ ಕೆಲಸದಿಂದ ಬಂದವಳೇ ಬಿಳಿ ಪುಡಿ ಮೆತ್ತಿದ ಕೋಟನ್ನು ಕುರ್ಚಿಯ ಮೇಲೆ ಎಸೆದು, ಕುಲುಮೆಯ ಕಥೆ, ಪಕ್ಕದ ಮೇಜಿನವಳ ಜಗಳದ ಕಥೆ ಎಲ್ಲ ಒದರುತ್ತಿದ್ದಳು. ಈಗ "ಹೇಗಿತ್ತೇ ಇವತ್ತು?" ಅಂದರೆ "ಎಂದಿನ ಹಾಗೇ" ಎಂಬ ಉತ್ತರ. ಫೋನ್ ಬಂದರೆ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಮಾತಾಡುತ್ತಿದ್ದಳು. ಪ್ರತಿ ಸಲ ಹೊಸ ಎಕ್ಸ್‌ರೇ ಬಂದಾಗ ಅಕ್ಕನಿಗೆ ಬೆನ್ನು ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನಿಲ್ಲುವಳು. ಮೊದಲ ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿದ್ದ ಬಿಳಿ ತುಂಡಿನ ಅಂಚು ಸಲದಿಂದ ಸಲಕ್ಕೆ ಮಸುಕಾಗುತ್ತಿತ್ತು.

"ಏನಂತೆ?"

"ಕರಗ್ತಿದೆ. ಕರಗಬೇಕಲ್ಲ."

"ಮತ್ತೆ ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ?"

"ಬೆಳಕು ಸರಿ ಇಲ್ಲ ಅಕ್ಕ. ಕಣ್ಣು ಕಿರಿದು ಮಾಡಿದ್ರೇ ಕಾಣೋದು."

ಇದಕ್ಕಿಂತ ವಿಚಿತ್ರವೆನಿಸಿದ್ದು ಇನ್ನೊಂದು. ಇನ್ನು ಸ್ವಲ್ಪ ಸ್ವಲ್ಪ ಕಾಲೂರಿ ನಡೆಯಬಹುದು ಎಂದು ಡಾಕ್ಟರು ಹೇಳಿದ ದಿನ, ಮನೆಗೆ ಬಂದ ಮೇಲೆ ಊರುಗೋಲು ಪಕ್ಕಕ್ಕಿಟ್ಟು ನಿಲ್ಲಲು ಹೋದ ಅಕ್ಕನನ್ನು ತಂಗಿ ಓಡಿಬಂದು ತಬ್ಬಿ ಹಿಡಿದಳು.

"ಬೇಡ ಬೇಡ! ಕಾಲೂರಬೇಡ!"

"ಡಾಕ್ಟರೇ ಹೇಳಿದ್ದಾರಲ್ಲೇ."

"ಹೇಳ್ಲಿ. ಇನ್ನೂ ಸ್ವಲ್ಪ ದಿನ ಬೇಡ. ನನ್ನ ಮೇಲೆ ಆಣೆ."

ಆಣೆ ಹಾಕುವ ಅಂಗಡಿಯವರನ್ನು ಅಕ್ಕ ತುಂಬ ಕಂಡಿದ್ದಳು. ಸರಿ ಇರುವ ತಕ್ಕಡಿಗೆ ಯಾರೂ ಆಣೆ ಹಾಕುವುದಿಲ್ಲ. ಅವಳು ಮತ್ತೆ ಊರುಗೋಲು ತೆಗೆದುಕೊಂಡಳು. ಸಾಕಿ ಬೆಳೆಸಿದ ಹುಡುಗಿಯ ಬೆನ್ನನ್ನು ಹೀಗೆ ಕದ್ದು ನೋಡುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಆದರೂ ನೋಡುವುದು ಬಿಡಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಮಾತಿನ ಮಧ್ಯೆ ಅಂದರು, "ನಿಮ್ಮ ತಂಗಿಯವರಿಗೆ ನಿಮ್ಮ ಮೇಲೆ ಬಹಳ ಪ್ರೀತಿ. ಆಪರೇಷನ್ ದಿನ ಬೆಳಗ್ಗೆ ನಾನು ಕೈ ತೊಳೀತಿದ್ದ ಕಡೆಗೇ ಬಂದುಬಿಟ್ಟಿದ್ರು. ಅಕ್ಕ ಒಪ್ಪಿದ್ರೂ ಪರವಾಗಿಲ್ಲ, ನೀವು ಸೊಂಟದಿಂದಲೇ ತೆಗೀರಿ ಅಂತ. ರೋಗಿಯ ಒಪ್ಪಿಗೆ ಮೀರೋಕೆ ಆಗಲ್ಲ ಅಂತ ಕಳಿಸ್ದೆ."

ಅಕ್ಕ ನಗಲಿಲ್ಲ. ಆಸ್ಪತ್ರೆಯಿಂದ ಹೊರಬಂದು ಟ್ಯಾಕ್ಸಿ ಹತ್ತಿದವಳು ಮನೆಯ ವಿಳಾಸದ ಬದಲು ಪ್ರಯೋಗಾಲಯದ ವಿಳಾಸ ಹೇಳಿದಳು.

ಗೇಟಿನ ಕಾವಲುಗಾರ ಯಾರು, ಏನು ಎಂದು ಕೇಳಿದಾಗ ಅಭ್ಯಾಸಬಲದಿಂದ ಇಲಾಖೆಯ ಗುರುತಿನ ಚೀಟಿ ತೆಗೆದು ಹಿಡಿದು "ತಪಾಸಣೆ" ಅಂದಳು. ಅವನು ಸೆಟೆದು ನಿಂತು ಗೇಟು ತೆಗೆದ. ಒಳಗಿನ ದೊಡ್ಡ ಕೋಣೆಯಲ್ಲಿ ಪುಡಿ ಅರೆಯುವ ಯಂತ್ರ ಗಡಗಡ ಎನ್ನುತ್ತಿತ್ತು. ಗೋಡೆಗೆ ಒರಗಿ ಸಣ್ಣ ಫ್ರಿಜ್ಜಿನಂಥ ಕುಲುಮೆ. ತಟ್ಟೆಗಳಲ್ಲಿ ಒಣಗಲು ಇಟ್ಟ ಸ್ಪಂಜಿನ ತುಂಡುಗಳು. ತಂಗಿಯ ಮೇಜು ಖಾಲಿ, ಅದರ ಮೇಲೆ ಬೇರೆ ಯಾರದೋ ಚೀಲ.

ಪ್ರಯೋಗಾಲಯದ ಮುಖ್ಯಸ್ಥರು ಗಾಜಿನ ಕೋಣೆಯಿಂದ ಎದ್ದು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು.

"ಓ, ನೀವಾ! ನಮ್ಮ ಮೂಳೆ ಹೇಗಿದೆ ನಿಮ್ಮ ಕಾಲಲ್ಲಿ?"

"ನನ್ನ ತಂಗಿ ಎಲ್ಲಿ?"

ನಗು ಸ್ವಲ್ಪ ಸುಕ್ಕಾಯಿತು. "ಅವರು ಈಗ ಹಿಂದಿನ ಕೋಣೇಲಿ ಏನೋ ತಮ್ಮದೇ ಕೆಲಸ ಮಾಡ್ಕೊಂಡಿದ್ದಾರೆ. ಅದಕ್ಕೂ ನಮಗೂ ಸಂಬಂಧ ಇಲ್ಲ."

ಹಿಂದಿನ ಕೋಣೆ ಮೊದಲು ಉಗ್ರಾಣವಾಗಿತ್ತು. ಬಾಗಿಲು ತಳ್ಳಿದರೆ ಬೆಚ್ಚನೆಯ ಹಬೆ ಮುಖಕ್ಕೆ ಬಡಿಯಿತು. ಬಿಸಿನೀರಿನ ತೊಟ್ಟಿಯೊಂದರಲ್ಲಿ ಸಾಲಾಗಿ ಗಾಜಿನ ಸೀಸೆಗಳು, ಪ್ರತಿ ಸೀಸೆಯ ತಳದಲ್ಲಿ ಒಂದು ಬಿಳಿ ತುಂಡು. ತಂಗಿ ಚಿಮಟದಲ್ಲಿ ಒಂದನ್ನು ಎತ್ತಿ ಹಿಡಿದಿದ್ದಳು. ಅಕ್ಕನನ್ನು ಕಂಡು ಅದು ಕೈ ಜಾರಿ ಮತ್ತೆ ನೀರಿಗೆ ಬಿತ್ತು.

"ಅಕ್ಕ! ಒಬ್ಬಳೇ ಇಲ್ಲಿಗೆ ಬಂದ್ಯಾ? ಕಾಲೂರಿದ್ಯಾ?"

"ನನ್ನ ಕಾಲಿನ ವಿಷಯ ಆಮೇಲೆ. ಇದೇನು?"

ತಂಗಿ ಸ್ಟೂಲು ಎಳೆದು ಅಕ್ಕನನ್ನು ಕೂರಿಸಿದಳು. ತಾನು ಗೋಡೆಗೆ ಒರಗಿ ನೆಲದ ಮೇಲೆ ಕುಕ್ಕರಿಸಿದಳು.

"ಮನುಷ್ಯರಿಗೆ ಹಾಕೋಕೆ ಮುಂಚೆ ಕುರಿಗಳಿಗೆ ಹಾಕಿ ನೋಡಿದ್ವಿ. ಎಲ್ಲದರಲ್ಲೂ ಚೆನ್ನಾಗಿ ಮೂಳೆ ಬಂತು. ಒಂದು ಕುರೀಲಿ ಮಾತ್ರ ತುಂಡು ಬೇಗ ಕರಗಿಹೋಗಿತ್ತು, ಮೂಳೆ ಬಂದಿರಲಿಲ್ಲ. ಬರೀ ಪೊಳ್ಳು. ಅದು ಕಾಯಿಲೆ ಬಿದ್ದ ಕುರಿ, ಲೆಕ್ಕಕ್ಕೆ ತಗೋಬೇಡಿ ಅಂದ್ರು ಸಾಹೇಬ್ರು. ನಾನೂ ಹೂಂ ಅಂದೆ."

"ಆಮೇಲೆ?"

"ಮನಸ್ಸು ಒಪ್ಪಲಿಲ್ಲ. ಆದ್ರೆ ಹೇಳೋಕೆ ಕೈಯಲ್ಲಿ ಏನೂ ಇರಲಿಲ್ಲ. ನಿನ್ನ ಎರಡನೇ ಎಕ್ಸ್‌ರೇ ಬಂದಾಗ ಅಂಚು ಆಗಲೇ ಮಸುಕಾಗಿತ್ತು. ಅಷ್ಟು ಬೇಗ ಆಗಬಾರ್ದು. ಆವತ್ತಿಂದ, ನಿನ್ನ ತುಂಡಿನ ಜೊತೆಗೇ ಸುಟ್ಟ ಉಳಿದ ತುಂಡುಗಳನ್ನ ಮೈ ಬಿಸಿಯಷ್ಟು ಬೆಚ್ಚಗಿರೋ ನೀರಲ್ಲಿ ಇಟ್ಟು ನೋಡ್ತಿದ್ದೀನಿ. ಕೆಲವು ಕಲ್ಲಿನ ಹಾಗೆ ನಿಂತಿವೆ. ಕೆಲವು..." ಅವಳು ಒಂದು ಸೀಸೆ ಎತ್ತಿ ಅಲುಗಿಸಿದಳು. ತಳದಲ್ಲಿದ್ದ ತುಂಡು ಒಡೆದು ಸುಣ್ಣದ ನೀರಿನಂತೆ ಕದಡಿತು. "ಕುಲುಮೆಯ ಬಾಗಿಲ ಕಡೆ ಇಟ್ಟವು ಸರಿಯಾಗಿ ಬೇಯ್ತಿಲ್ಲ ಅನ್ಸುತ್ತೆ."

"ನನ್ನ ಕಾಲಲ್ಲಿರೋದು ಯಾವುದು?"

"ಗೊತ್ತಿಲ್ಲ ಅಕ್ಕ."

"ಅದಕ್ಕೆ ಕಾಲೂರಬೇಡ ಅಂದ್ಯಾ?"

ತಂಗಿ ತಲೆಯಾಡಿಸಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಕ್ಕನ ಕೈ ತಾನಾಗಿ ಅವಳ ತಲೆಯ ಕಡೆ ಹೋಯಿತು, ಅರ್ಧಕ್ಕೇ ನಿಂತಿತು.

"ಈ ಮೂಳೆ ಇನ್ನೂ ಯಾರ್ಯಾರ ಕಾಲಲ್ಲಿದೆ?"

"ಇದ್ದಾರೆ. ಕೆಲವರು."

"ಅವರ ಮನೇಲೂ ಕಾಲೂರಬೇಡಿ ಅಂತ ತಬ್ಬಿ ಹಿಡಿಯೋಕೆ ಒಬ್ಬೊಬ್ಬ ತಂಗಿ ಇದ್ದಾಳಾ?"

ತಂಗಿ ಕೈಯಲ್ಲಿದ್ದ ಸೀಸೆಯನ್ನು ನೆಲದ ಮೇಲೆ ಇಟ್ಟಳು.

"ಅನುಮಾನ ಬಂದಿದ್ದು ತಪ್ಪಲ್ಲ ಕಣೇ" ಅಂದಳು ಅಕ್ಕ. "ನಾನು ಅನುಮಾನದಲ್ಲೇ ಅನ್ನ ತಿಂದವಳು. ಆದ್ರೆ ಅನುಮಾನ ಬಂದ್ರೆ ಅಂಗಡಿ ಬಾಗಿಲಿಗೆ ಹೋಗಿ, ನಾಲ್ಕು ಜನರ ಎದುರು ಕೇಳಿದ್ದೀನಿ. ತಪ್ಪಾಗಿದ್ರೆ ಬೈಸ್ಕೊಂಡು ಬಂದಿದ್ದೀನಿ. ನೀನು ಮನೆಯವರಿಗೆ ಮಾತ್ರ ಒಂದು ತೂಕ ಇಟ್ಕೊಂಡೆಯಲ್ಲ."

"ಸಾಬೀತು ಮಾಡಿ ಹೇಳೋಣ ಅಂತಿದ್ದೆ. ಇನ್ನು ಸ್ವಲ್ಪ ದಿನ ಆಗಿದ್ರೆ..."

"ಅಷ್ಟರೊಳಗೆ ಅವರು ನಡೆದಾಡ್ತಿರ್ತಾರೆ."

ಮರುದಿನ ಬೆಳಗ್ಗೆ ಅಕ್ಕ ತಂಗಿ ಇಬ್ಬರೂ ಡಾಕ್ಟರ ಕೋಣೆಯಲ್ಲಿ ಕೂತಿದ್ದರು. ತಂಗಿ ಸೀಸೆಗಳನ್ನು ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದಳು. ಡಾಕ್ಟರ ಮುಖದ ನಿದ್ದೆ ಪೂರ್ತಿ ಹಾರಿಹೋಯಿತು. ಸುದ್ದಿ ತಿಳಿದು ಮುಖ್ಯಸ್ಥರು ಧಾವಿಸಿ ಬಂದರು.

"ಇಷ್ಟು ವರ್ಷದ ಕೆಲಸವನ್ನ ನಾಲ್ಕು ಸೀಸೆ ಹಿಡ್ಕೊಂಡು ಮಣ್ಣುಪಾಲು ಮಾಡ್ತೀರಾ? ಸೀಸೆಯ ನೀರು ಬೇರೆ, ಮನುಷ್ಯನ ಮೈ ಬೇರೆ. ನಿಮಗೆ ಗೊತ್ತಿಲ್ವಾ?"

"ಗೊತ್ತು ಸರ್" ಅಂದಳು ತಂಗಿ. "ಆದ್ರೆ ಕುರಿಯ ಮೈಯೂ ಇತ್ತಲ್ಲ."

ಡಾಕ್ಟರು ಆ ತುಂಡು ಹಾಕಿಸಿಕೊಂಡ ಎಲ್ಲರನ್ನೂ ಕರೆಸುವುದಾಗಿ ಹೇಳಿದರು. ಅಕ್ಕನಿಗೆ ಆ ಮಾತಿನ ಮೇಲೂ ನಂಬಿಕೆ ಬರಲಿಲ್ಲ. ಅವರೆಲ್ಲ ಬಂದು ಹೋಗುವವರೆಗೆ ದಿನಾ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ಊರುಗೋಲು ಹಿಡಿದು ಬಂದವರನ್ನೆಲ್ಲ "ನಿಮ್ಮದೂ ಬಿಳಿ ತುಂಡಾ?" ಎಂದು ಕೇಳುತ್ತಿದ್ದಳು. ಅವರಲ್ಲಿ ಒಬ್ಬರದು ಕಾಲು ಉಳುಕಿದ್ದಷ್ಟೇ, ಆದರೆ ಬಾಯಲ್ಲಿ ಆಗಷ್ಟೇ ಕಟ್ಟಿಸಿದ ಬಿಳಿ ಹಲ್ಲೊಂದಿತ್ತು. ಅವರು ತಮ್ಮ ಹಲ್ಲಿನ ಬಗ್ಗೆ ಇವಳಿಗೆ ಹೇಗೆ ತಿಳಿಯಿತು ಎಂದು ಬೆರಗಾದರಂತೆ.

ಸ್ಕ್ಯಾನ್‌ಗಳಲ್ಲಿ ಎಲ್ಲ ಬಯಲಾಯಿತು. ಹೆಚ್ಚಿನವರ ತುಂಡು ಕರಗಬೇಕಾದಷ್ಟೇ ಕರಗಿ, ಸುತ್ತ ಮೂಳೆ ಚೆನ್ನಾಗಿ ಬೆಳೆದಿತ್ತು. ಅಕ್ಕನದು ಬೇಗ ಕರಗಿತ್ತು, ಕೀಲಿನ ಕೆಳಗೆ ಬಟಾಣಿಯಷ್ಟು ಪೊಳ್ಳು ಇತ್ತು. ಕಾಲೂರದೆ ಇದ್ದುದರಿಂದ ಮೇಲ್ಭಾಗ ಕುಸಿದಿರಲಿಲ್ಲ. ಇನ್ನೊಬ್ಬರ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. ಅವರು ಒಬ್ಬ ದರ್ಜಿ. ಡಾಕ್ಟರು ನಡೆಯಬಹುದು ಎಂದ ದಿನದಿಂದಲೇ ಹೊಲಿಗೆ ಯಂತ್ರ ತುಳಿಯತೊಡಗಿದ್ದರು. ಅವರ ಮೊಣಕಾಲು ಒಳಗೇ ಕುಸಿದಿತ್ತು. ಮತ್ತೆ ಕೊಯ್ದು, ಸೊಂಟದಿಂದ ಮೂಳೆ ತೆಗೆದು ತುಂಬಬೇಕಾಯಿತು.

ಪ್ರಯೋಗ ನಿಂತಿತು. ಕುಲುಮೆಯನ್ನು ಹೊರಗಿನವರು ಬಂದು ಪರೀಕ್ಷಿಸಿದರು. ಬಾಗಿಲ ಪಕ್ಕದ ಮೂಲೆಗೆ ಶಾಖ ಸಾಲುತ್ತಿರಲಿಲ್ಲ ಎಂಬುದು ನಿಜವಾಗಿತ್ತು. ಮುಖ್ಯಸ್ಥರು ಅದನ್ನು ತಾವೇ ಕಂಡುಹಿಡಿದವರಂತೆ ಸಭೆಯಲ್ಲಿ ಹೇಳಿದರು. ತಂಗಿಯ ಕೆಲಸ ಹೋಗಲಿಲ್ಲ, ಆದರೆ ಬಹಳ ಕಾಲ ಅವಳ ಪಕ್ಕ ಯಾರೂ ಊಟಕ್ಕೆ ಕೂರಲಿಲ್ಲ. ಹೊಸ ಕುಲುಮೆ ಬಂದು ಕೆಲಸ ಮತ್ತೆ ಶುರುವಾದಾಗ, ಪ್ರತಿ ಸಲ ಸುಟ್ಟ ತುಂಡುಗಳಲ್ಲಿ ಕೆಲವನ್ನು ಮೂಲೆ ಮೂಲೆಯಿಂದ ಆರಿಸಿ ಬೆಚ್ಚನೆಯ ನೀರಲ್ಲಿ ಇಟ್ಟು ನೋಡದೆ ಒಂದನ್ನೂ ಹೊರಗೆ ಕಳಿಸುವುದಿಲ್ಲ ಎಂದಾಯಿತು. ಆ ಕೆಲಸ ತಂಗಿಯ ಪಾಲಿಗೆ ಬಂತು.

ಅಕ್ಕನ ಪೊಳ್ಳು ನಿಧಾನವಾಗಿ ತುಂಬಿಕೊಂಡಿತು. ಕೊನೆಯ ಎಕ್ಸ್‌ರೇಯಲ್ಲಿ ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. "ಇಲ್ಲಿತ್ತು ತುಂಡು."

"ಇತ್ತು ಅನ್ನೋಕೆ ಗುರುತೇನು?"

"ಏನೂ ಇಲ್ಲ. ಈಗ ಎಲ್ಲ ನಿಮ್ಮದೇ ಮೂಳೆ."

ಅವಳು ಇನ್ನೊಂದು ಆಸ್ಪತ್ರೆಗೆ ಹೋಗಿ, ಏನೂ ಹೇಳದೆ ಮತ್ತೊಂದು ಎಕ್ಸ್‌ರೇ ತೆಗೆಸಿದಳು. ಅಲ್ಲಿನವರೂ ಅದನ್ನೇ ಹೇಳಿದ ಮೇಲೆ ಕೆಲಸಕ್ಕೆ ಮರಳಿದಳು. ಮೊಣಕಾಲು ಪೂರ್ತಿ ಮಡಚಲು ಆಗದ್ದರಿಂದ ಗುಂಡಿಗೆ ಇಳಿಯುವ ಕೆಲಸ ಮಾತ್ರ ಬೇರೆಯವರ ಪಾಲಾಯಿತು.

ಮನೆಯಲ್ಲಿ ಮಾತ್ರ ಏನೋ ಮೊದಲಿನಂತಾಗಲಿಲ್ಲ. ತಂಗಿ "ಊಟ ಆಯ್ತು" ಅಂದರೆ ಅಕ್ಕನ ಕಣ್ಣು ತಟ್ಟೆಯ ಕಡೆ ಹೋಗುತ್ತಿತ್ತು. "ತಲೆನೋವು" ಅಂದರೆ ಹಣೆ ಮುಟ್ಟುವ ಬದಲು ಕಣ್ಣು ನೋಡುತ್ತಿದ್ದಳು. ಒಂದು ದಿನ ತಂಗಿ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆಯೇ ಅಂದಳು, "ನನ್ನನ್ನೂ ಅಂಗಡಿಯವರ ಸಾಲಿಗೆ ಸೇರಿಸಿಬಿಟ್ಟೆ ಅಲ್ವಾ ಅಕ್ಕ."

ಅಕ್ಕ ತೊಳೆದಿಟ್ಟ ತಟ್ಟೆಯೊಂದನ್ನು ಎತ್ತಿ ಒರೆಸತೊಡಗಿದಳು. "ದರ್ಜಿಯವರನ್ನ ನೋಡೋಕೆ ಹೋಗಿದ್ಯಾ?" ಎಂದು ಕೇಳಿದಳು.

"ಇಲ್ಲ."

"ಹೋಗೋಣ ನಡಿ."

ದರ್ಜಿಯ ಅಂಗಡಿ ಒಂದು ಓಣಿಯ ಕೊನೆಯಲ್ಲಿತ್ತು. ಯಂತ್ರಕ್ಕೆ ಈಗ ಮೋಟಾರು ಕೂರಿಸಿದ್ದರು. ಎರಡನೆಯ ಆಪರೇಷನ್ ಆದ ಕಾಲನ್ನು ಪಕ್ಕದ ಸ್ಟೂಲಿನ ಮೇಲೆ ನೀಡಿಕೊಂಡು, ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಕೂತಿದ್ದರು. ತಂಗಿ ತಾನು ಯಾರು ಎಂದು ಹೇಳಿದಳು. ಕುರಿಯ ವಿಷಯ, ಸೀಸೆಗಳ ವಿಷಯ, ತನಗೆ ಯಾವಾಗ ಏನು ತಿಳಿದಿತ್ತು ಎಂಬುದನ್ನೆಲ್ಲ ಹೇಳಿದಳು. ದರ್ಜಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚುತ್ತ ಪೂರ್ತಿ ಕೇಳಿಸಿಕೊಂಡರು.

"ಒಂದು ಕೇಳ್ತೀನಿ" ಅಂದರು ಆಮೇಲೆ. "ಇವರು ನಿಮ್ಮ ಅಕ್ಕ ಆಗಿರದೆ ನನ್ನ ಹಾಗೆ ಯಾರೋ ಆಗಿದ್ರೆ, ಬಾಯಿ ಬಿಡ್ತಿದ್ರಾ?"

ತಂಗಿ ಸ್ಟೂಲಿನ ಮೇಲೆ ನೀಡಿದ್ದ ಅವರ ಕಾಲನ್ನು ನೋಡಿದಳು.

"ಗೊತ್ತಿಲ್ಲ" ಅಂದಳು.

ದರ್ಜಿ ಅವಳನ್ನೇ ನೋಡಿದರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ" ಎಂದು ಬಟ್ಟೆಯ ರಾಶಿ ಸರಿಸಿ ಬೆಂಚಿನ ಮೇಲೆ ಜಾಗ ಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು ಸಿಕ್ಕಿತು. ಅರ್ಧ ದಾರಿ ಕಳೆದ ಮೇಲೆ ಅಕ್ಕ ಕೇಳಿದಳು, "ಗೊತ್ತಿಲ್ಲ ಅಂದೆಯಲ್ಲ. ಅದು ನಿಜವಾ?"

"ನಿಜ ಅಕ್ಕ."

ಅಕ್ಕ ತಂಗಿಯ ಮುಖವನ್ನು ತುಂಬ ಹೊತ್ತು ನೋಡಿದಳು. ತಂಗಿಯೂ ಮುಖ ತಿರುಗಿಸಲಿಲ್ಲ.

"ಇರಬಹುದು" ಅಂದಳು ಅಕ್ಕ, ಮತ್ತು ಬಸ್ಸು ತಿರುವಿನಲ್ಲಿ ಓಲಾಡಿದಾಗ ತಂಗಿಯ ತೋಳು ಹಿಡಿದುಕೊಂಡಳು.